ಬಾಗಿಲ ಕಡೆಯ ತುದಿ

ನವೆಂಬರ್ ೧೭, ಭಾನುವಾರ

ಬೆಂಚಿನ ತಕರಾರು ಕೊನೆಗೂ ಮುಗಿಯಿತು. ಹಳೇ ತೇಗದ್ದೇ ಬೇಕೆಂಬ ನನ್ನ ಹಟ ನಡೆಯಲಿಲ್ಲ. ಮಗಳು ಸಹನ ಹೇಳಿದ ಸ್ಕ್ಯಾಂಡಿನೇವಿಯನ್ ಮಾದರಿಯದೇ ಆಯಿತು. ತಿಳಿಬಣ್ಣದ ಮರ, ಕಡ್ಡಿಯಂಥ ಕಾಲು. ಬಂಗಾರಪೇಟೆಯ ಅಂಗಡಿಯಲ್ಲಿ ಕೂತು ನೋಡಿದೆ.

"ಯಾಕಮ್ಮಾ ಆ ತುದೀಗೆ ಅಂಟ್ಕೊಂಡೆ? ನಡುವೆ ಕುಂತ್ಕೋ," ಅಂದಳು.

ನಾನು ಚಿಕ್ಕವಳಿದ್ದಾಗ, ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ, ಅಪ್ಪ ಗಣಿಗೆ ಇಳಿದರೆ ಬೆಂಚಿನ ಬಾಗಿಲ ಕಡೆಯ ತುದಿಯನ್ನು ಖಾಲಿ ಬಿಡುತ್ತಿದ್ದೆವು. ಅವರು ಬಂದು ಅಲ್ಲಿ ಕೂತು ಬೂಟು ಬಿಚ್ಚಿದ ಮೇಲೆಯೇ ಅಮ್ಮನಿಗೆ ಹೋದ ಜೀವ ಬಂದಂತಾಗುತ್ತಿತ್ತು. ಗಣಿ ಮುಚ್ಚಿ, ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು.

ಸಂಜೆ ಬೆಂಚು ಮನೆಗೆ ಬಂತು. ನಾನು ಒಳಗಿನ ತುದಿಯಲ್ಲಿ ಕೂತೆ. ಸಹನ ಬಾಗಿಲ ಕಡೆಯ ತುದಿಯಲ್ಲೇ ಕೂತು ಕಾಲು ಚಾಚಿದಳು.

"ಏಳೇ, ತಾತ ಇನ್ನೂ ಬಂದಿಲ್ಲ," ಅಂದುಬಿಟ್ಟೆ.

ಅವಳು ನಗಲಿಲ್ಲ. ಆ ತುದಿ ಬಿಟ್ಟು ನನ್ನತ್ತ ಸರಿದು ಕೂತಳು.