ಸುಮಿತಾ ಹೊಡೆದ ಚೆಂಡು

ಜನವರಿ ೧೨, ಸೋಮವಾರ. ಸಂಜಿ

ಮತ್ತ ಅದೇ. ಕಾಲೇಜಿನಾಗ ಪಿ.ಟಿ. ಪೀರಿಯಡ್ ಮುಗಿಸಿ, ಮನ್ಯಾಗ ಹಾಸಿಗಿ ಹಿಡದ ಅತ್ತಿಯವರಿಗೆ ಗಂಜಿ ಕುಡಿಸಿ, ಅವ್ರ ಮಗ್ಗಲಾ ಬದಲಿಸಿ, ಗಾಲ್ಫ್ ಕಲಸಾಕ ಕ್ಲಬ್ಬಿನ ಗ್ರೌಂಡಿಗೆ. ಸೊಂಟ ಹಿಡದೈತಿ.

ಹೊಸದಾಗಿ ಗಾಲ್ಫ್ ಕಲಿಯಾಕ ಬಂದಾಕಿ ಸುಮಿತಾ. ತವರು ಹಳಿಯಾಳ. ಗಂಡ ಅಜಯ, ದೊಡ್ಡ ಆಫೀಸರ್. ಇಪ್ಪತ್ತೈದಕ್ಕ ಗಂಡ-ಹೆಂಡ್ತಿ ಜೋಡಿ ಮ್ಯಾಚ್ ಐತಂತ. ಟೀ — ಆ ಸಣ್ಣ ಕಟಗಿ ಮೊಳಿ — ಮ್ಯಾಲ ಚೆಂಡಿಟ್ಟು ಹೊಡದ್ರ, ಚೆಂಡು ಕಾಲಬುಡಕ ಉಳ್ಳತೈತಿ. ಬಾಜೂಕ ಅಜಯ — "ತಲಿ ಎತ್ತಬ್ಯಾಡ. ಮೊಣಕೈ ನೋಡು. ಎಷ್ಟ್ ಸಲ ಹೇಳ್ಬೇಕು ನಿನಗ?"

ನಾ ಹೇಳೂದು ಏನೂ ಉಳೀಲಿಲ್ಲ.

ಜನವರಿ ೧೫

ಡ್ರೈವರ್ ಅನ್ನೂ ಉದ್ದನ ಕೋಲು ಬಿಡಿಸಿ, ಐರನ್ ಅನ್ನೂ ಸಣ್ಣ ಕೋಲು ಕೊಟ್ಟೆ. "ಉಸರು ಬಿಡ್ರಿ, ಆಮ್ಯಾಲ ಬೀಸ್ರಿ. ಜೋರು ಬ್ಯಾಡ."

ಅಜಯಗ ಫೋನ್ ಬಂತು. ಗೇಟಿನ ಕಡೆ ಹೋದ್ರು. ಅಷ್ಟರಾಗ ಚೆಂಡು ನೆಟ್ಟಗ ಹೋತು — ಸಾಗವಾನಿ ಗಿಡದ ತನಕ. ಸುಮಿತಾ ತನ್ನ ಕೈ ತಾನ ನೋಡ್ಕೊಂಡು ನಿಂತ್ಲು. ಅವ್ರು ತಿರುಗಿ ಬಂದ್ರು. ಮತ್ತ ಕಾಲಬುಡಕ.

ತಪ್ಪು ಕೈಯಾಗಿಲ್ಲ. ಎಲ್ಲೈತಿ ಅಂತ ಗೊತ್ತಾತು. ಹೇಳೂದು ಯಾರು... ಇವತ್ತ ಶಕ್ತಿ ಇಲ್ಲ.

ಜನವರಿ ೨೧

ಅಜಯಗ ಹೇಳಿದೆ. "ಸರ್, ಮ್ಯಾಚ್ ತನಕ ನೀವು ಇಲ್ಲಿ ಬರಬ್ಯಾಡ್ರಿ."

"ನನ್ನ ಹೆಂಡ್ತಿಗೆ ನಾ ಹೇಳಬಾರದೇನ್ರಿ?"

"ನಾನರ ಹೇಳ್ಬೇಕು, ನೀವರ ಹೇಳ್ಬೇಕು."

ಕ್ಲಬ್ಬಿನ ಸೆಕ್ರೆಟರಿ ಹತ್ರ ಮಾತಾಡ್ತೇನಿ ಅಂತ ಹೊಂಟ್ರು. ಸುಮಿತಾನ ಮಾರಿ ನೋಡಾಕ ನನಗ ಧೈರ್ಯ ಆಗ್ಲಿಲ್ಲ. ಆಕೀನ ಅಂದ್ಲು — "ಇನ್ನೊಂದು ಚೆಂಡು ಇಡ್ರಿ ಮೇಡಂ."

ಜನವರಿ ೨೫, ರವಿವಾರ

ಮ್ಯಾಚ್. ಮೊದಲ ಹೊಡ್ತ ಆಕೀದು. ಕುರ್ಚಿ ತುಂಬ ಮಂದಿ. ಅಜಯ ಹಿಂದ ನಿಂತು "ತಲಿ—" ಅಂದ್ರು.

ಸುಮಿತಾ ಚೆಂಡು ಬಿಟ್ಟು ಹಿಂದ ಸರದ್ಲು. ಮೆಲ್ಲಕ ಅಂದ್ಲು, "ನೀವು ಆ ಕುರ್ಚಿ ಕಡೆ ಹೋಗಿ ಕುಂದರ್ರಿ. ಅಲ್ಲೀತನಕ ನಾ ಹೊಡ್ಯಾಂಗಿಲ್ಲ."

ಅಜಯ ನಕ್ಕಂಗ ಮಾಡಿದ್ರು. ಆಕಿ ಹಂಗ ನಿಂತಿದ್ಲು. ಕಡೀಕ ಅವ್ರು ಹೋಗಿ ಕುಂತ್ರು.

ಚೆಂಡು ಬಾಳ ದೂರೇನೂ ಹೋಗ್ಲಿಲ್ಲ. ನೆಟ್ಟಗ ಹೋತು. ಗಂಡ-ಹೆಂಡ್ತಿ ಇಬ್ರೂ ಸೋತ್ರು — ಎಲ್ಲಾರಕಿಂತ ಹಿಂದ.

ಜನವರಿ ೨೮

ಸೆಕ್ರೆಟರಿ ಫೋನ್. "ಮಧುಮತಿ ಮೇಡಂ, ಇನ್ನ ಮುಂದ ಕ್ಲಾಸ್ ಬ್ಯಾಡಂತರಿ..." ಯಾಕ ಅಂತ ನಾ ಕೇಳ್ಲಿಲ್ಲ. ಅವ್ರೂ ಹೇಳ್ಲಿಲ್ಲ.

ಸಿಟ್ಟು ಬರೂಕಿಂತ ಮೊದಲ — ನಾಳೆ ಸಂಜಿ ಮಲಗಬಹುದು ಅನಿಸ್ತು.

ಫೆಬ್ರವರಿ ೪. ಸಂಜಿ ಐದು

ಮಲಗಿದ್ದೆ. ಬಾಗಿಲಾ ಬಡದ್ರು. ಸುಮಿತಾ, ಕೈಯಾಗ ಐರನ್. ಹಿಂದ ಬಂಗೂರನಗರ ಕಾಲನಿಯ ಇಬ್ಬರು ಹೆಣ್ಮಕ್ಕಳು.

"ಹೊಳಿ ಬಾಜೂಕ ಖಾಲಿ ಜಾಗ ಐತ್ರಿ ಮೇಡಂ. ಇವ್ರೂ ಕಲೀತಾರಂತ."

"ಮನ್ಯಾಗ ಹೇಳಿ ಬಂದೀರಿಲ್ಲೋ?"

"ಹೇಳಿ ಬಂದೇನ್ರಿ. ಕೇಳಿ ಬಂದಿಲ್ಲ."

ಒಳಗಿಂದ ಅತ್ತಿ ದನಿ — "ಯಾರವಾ, ಮಧು?"

"ಕಲಿಯಾಕ ಬಂದಾರ್ರಿ ಅತ್ತಿ."

"ಹೋಗಿ ಬಾ. ನಾ ಎಲ್ಲಿ ಓಡಿ ಹೋಗ್ತೇನಿ."

ಬಂದವ್ರಿಗೆ ಚಾ ಇಟ್ಟೇನಿ. ಅದು ಕುದಿಯೂತನಕ ಇಷ್ಟು ಬರದೆ. ಬೂಟು ಹುಡುಕಬೇಕು. ಒಬ್ಬಾಕಿ ಸೀರಿ ಉಟ್ಟಾಳ, ಹೆಂಗ ಬೀಸ್ತಾಳೋ... ಮೊದಲ ಆಕೀಗೆ— ಚಾ ಉಕ್ಕಾಕತ್ತೈತಿ.