ಮರೆಪ್ಪ ಮಾಡಿದ ಮೊದಲ ಬಾಯಿಬಾಜಾ

ತಡವಳ, ತಾ. ಅಕ್ಕಲಕೋಟ
17-1-1958, ಶುಕ್ರವಾರ

ಪ್ರೀತಿಯ ಮಗ ಮರೆಪ್ಪನಿಗೆ ನಿಮ್ಮಪ್ಪ ಧೂಳಪ್ಪನ ಆಶೀರ್ವಾದ.

ತಗಡು ತಾಗಿ ಕೊಯ್ದುಕೊಂಡಿದ್ದ ಹೆಬ್ಬೆರಳು ಮಾಯಿತೆ? ಸೋಲಾಪುರದ ಥಂಡಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಇಲ್ಲಿ ನಿಮ್ಮವ್ವ ಗಟ್ಟಿಯಾಗಿದ್ದಾಳೆ. ನನ್ನ ಮೇಲಿನ ಸಿಟ್ಟು ಅವಳಿಗಿಂತ ಗಟ್ಟಿಯಾಗಿದೆ. ಎರಡು ದಿನದಿಂದ ನಮ್ಮಿಬ್ಬರಿಗೂ ಮಾತಿಲ್ಲ. ಯಾಕೆಂದು ಹೇಳುತ್ತೇನೆ. ಈ ಪತ್ರವನ್ನು ನಿನ್ನ ಕಾರಖಾನೆಯ ಸಾವುಕಾರರಾದ ಶಾಂತಲಿಂಗಪ್ಪನವರಿಗೂ ಓದಲು ಕೊಡು.

ನೀನು ಸ್ವಂತ ಕೈಯಿಂದ ಮಾಡಿದ ಮೊದಲ ಬಾಯಿಬಾಜಾ, ಅದೇ ನಿಮ್ಮ ಪ್ಯಾಟಿಯವರು ಮೌತ್ ಆರ್ಗನ್ ಅನ್ನುವುದು, ಪರೀಕ್ಷೆಗೆಂದು ನನ್ನ ಕೈ ಸೇರಿ ಎಂಟು ದಿನವಾಯಿತು. ಹಿಂದೆ ನನ್ನ ಕೊಳಲು ಕೇಳಿದ್ದ ಸಾವುಕಾರರು, "ನಿಮ್ಮಪ್ಪ ಪಾಸ್ ಅಂದ್ರ ನಾನೂ ಪಾಸ್ ಅಂತೀನಿ. ಇಲ್ಲಾಂದ್ರ ಊರಿಗಿ ಹೋಗಿ ಕುರಿ ಕಾಯಿ" ಅಂದರೆಂದು ಬರೆದಿದ್ದೆಯಲ್ಲ, ಆ ಸಾಲು ಓದಿದಾಗಿನಿಂದ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ. ಸೋಮವಾರ ಬಾಜಾ ಅವರ ಮುಂದಿರಬೇಕು. ಕುರಿ ಕಾಯುವುದು ಕೀಳಲ್ಲ, ನಾನೂ ಅದನ್ನೇ ಮಾಡುತ್ತೇನೆ. ಆದರೆ ಕುರಿ ಕಂಡರೆ ನಿನಗಾಗದು, ನಿನ್ನನ್ನು ಕಂಡರೆ ಕುರಿಗಳಿಗಾಗದು.

ಮಗನೆಂದು ಮುಲಾಜು ಮಾಡದೆ ಪರೀಕ್ಷೆ ಮಾಡಿದೆ. ಮೇಲಿನ ತಗಡು ಗಟ್ಟಿಯಾಗಿ ಕೂತಿದೆ, ಅದುಮಿದರೆ ಬಾಗುವುದಿಲ್ಲ. ಎಡಗಡೆಯ ಮೂಲೆ ಮಾತ್ರ ಚೂಪು. ತುಟಿ ಕೊಯ್ದು ಮೀಸೆಗೆಲ್ಲ ರಕ್ತ ಹತ್ತಿತು. ಅದನ್ನು ಉಜ್ಜಿ ನುಣುಪು ಮಾಡಬೇಕು. ನಡುವಿನ ಮರದ ಪಟ್ಟಿ ದಿನಗಟ್ಟಲೆ ಉಗುಳು ಕುಡಿದರೂ ಉಬ್ಬಲಿಲ್ಲ. ಒಂದು ತೂತಿನಲ್ಲಿ ಊದಿದರೆ ಗಾಳಿ ಪಕ್ಕದ ತೂತಿಗೆ ಸೋರುವುದಿಲ್ಲ. ಮಲಗಿದ ಮಗುವಿನ ಮುಖಕ್ಕೆ ಊದುವಷ್ಟು ಉಸಿರು ಕೊಟ್ಟರೆ ಸಾಕು, ಸ್ವರ ಎದ್ದು ಬರುತ್ತದೆ. ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ಕೆಡಿಸಿದವನು ನಾನು. ಕೊಳಲಿಗೆ ಕುಸುಬಿ ಎಣ್ಣೆ ಹಚ್ಚಿ ರೂಢಿಯಾದ ಕೈ, ಬಾಜಾಕ್ಕೂ ಒಳ್ಳೆಯದೆಂದು ಬುಧವಾರ ಹತ್ತೂ ತೂತುಗಳಿಗೆ ಎಣ್ಣೆ ಬಿಟ್ಟು ಬಿಸಿಲಿಗಿಟ್ಟೆ. ಸಂಜೆ ಊದಿದರೆ ಒಳಗೆ ಅದುರಿ ಸ್ವರ ಹೊರಡಿಸುವ ಹಿತ್ತಾಳೆ ನಾಲಿಗೆಗಳು ಅಂಟಿಕೊಂಡು ಒಂದೂ ಅಲುಗಲಿಲ್ಲ. ಗಾಬರಿಯಾಗಿ ತಗಡು ಬಿಚ್ಚಿ ಕಂಬಳಿ ಹೊಲಿಯುವ ಸೂಜಿಯಿಂದ ಕೆರೆದೆ. ನಾಲ್ಕನೆಯ ತೂತಿನ ನಾಲಿಗೆ ಬುಡದಲ್ಲಿ ಸೀಳಿತು. "ನಿಮ್ಮ ಕೈ ಸುಮ್ಮ ಕುಂಡ್ರೂದಿಲ್ಲೇನ್ರಿ? ಹುಡುಗನ ಅನ್ನಕ್ಕ ಮಣ್ಣ ಹಾಕಿದ್ರಿ" ಎಂದಳು ನಿಮ್ಮವ್ವ. ನನ್ನೊಡನೆ ಅವಳು ಆಡಿದ ಕೊನೆಯ ಮಾತು ಅದೇ.

ಸಾವುಕಾರರೆ, ತಪ್ಪು ಈ ಮುದುಕನದು. ನನ್ನನ್ನು ಏನು ಬೇಕಾದರೂ ಅನ್ನಿ. ಹುಡುಗನಿಗೆ ಇನ್ನೊಂದು ಬಾಜಾ ಮಾಡಲು ಅವಕಾಶ ಕೊಟ್ಟು, ಅದನ್ನು ನೋಡಿ ನಿರ್ಧಾರ ಮಾಡಬೇಕೆಂದು ಕೈಮುಗಿದು ಬೇಡುತ್ತೇನೆ.

ಮರೆಪ್ಪ, ನೆರೆಮನೆಯ ಅಮೃತಪ್ಪ ನಾಳೆ ಬಸ್ಸಿಗೆ ಬರುತ್ತಿದ್ದಾನೆ. ಈ ಪತ್ರ, ಬಾಜಾ, ನಿಮ್ಮವ್ವ ಕಟ್ಟಿದ ಸಜ್ಜೆ ರೊಟ್ಟಿಯ ಗಂಟು, ಮೂರನ್ನೂ ಅವನ ಕೈಯಲ್ಲಿ ಕೊಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಬೀರೋಬಾ ನಿನ್ನ ಬೆನ್ನಿಗಿರಲಿ. ಸಾವುಕಾರರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು.

ನಿಮ್ಮಪ್ಪ,
ಧೂಳಪ್ಪ

ತಾ.ಕ. ಈ ಚೀಟಿ ನಿನಗೊಬ್ಬನಿಗೆ. ಅದಕ್ಕೇ ಬೇರೆಯಾಗಿ ಬರೆದು ರೊಟ್ಟಿಗಳ ನಡುವೆ ಇಟ್ಟಿದ್ದೇನೆ. ಓದಿ ಒಲೆಗೆ ಹಾಕು. ಮೂರನೆಯ ದಿನವೇ ನಾಲ್ಕನೆಯ ತೂತಿನಲ್ಲಿ ಉಸಿರು ಒಳಗೆಳೆದಾಗ ಸ್ವರ ಕುಸಿದು ಗೊರಗೊರ ಅಂದಿತು. ಬಿಚ್ಚಿ ನೋಡಿದರೆ, ನೀನು ಆ ನಾಲಿಗೆಯ ಬುಡವನ್ನು ಅತಿಯಾಗಿ ಉಜ್ಜಿ ತೆಳುಮಾಡಿದ್ದೆ. ಅಲ್ಲೇ ಕೂದಲೆಳೆಯಷ್ಟು ಸೀಳು. ಎರಡು ದಿನ ಯೋಚಿಸಿ, ಬೇಕೆಂದೇ ಎಣ್ಣೆ ಬಿಟ್ಟೆ. ನನ್ನ ಸೂಜಿ ನಾಲ್ಕನೆಯದನ್ನು ಮುಟ್ಟಿಯೇ ಇಲ್ಲ. ಪತ್ರದಲ್ಲಿ ಬೀರೋಬಾನ ಮೇಲೆ ಆಣೆ ಮಾತ್ರ ಮಾಡಿಲ್ಲ, ಅಷ್ಟು ಧೈರ್ಯ ನನಗಿಲ್ಲ. ನಿಮ್ಮವ್ವನಿಗೂ ಹೇಳಿಲ್ಲ, ಬೈದುಕೊಳ್ಳಲಿ. ಬುಡಕ್ಕೆ ಬಂದಾಗ ಕೈ ಹಗುರ ಮಾಡು, ಮಗನೆ, ಅವಸರ ಮಾಡಬೇಡ. ಎರಡನೆಯ ಬಾಜಾವನ್ನು ನನಗೆ ಕಳಿಸಬೇಡ, ಬೇರೆ ಯಾರಿಗಾದರೂ ತೋರಿಸು. ನನ್ನ ಕೈಗೆ ಬಂದರೆ ಮತ್ತೆ ಇದನ್ನೇ ಮಾಡುತ್ತೇನೆ.