ಬಲಕ್ಕೆ ತಿರುಗುವ ಮೈ

ಕೋತಿ,

ಎಡತೋಳಿನ ನೋವು ತಡೆಯಲಾಗದೆ ಇವತ್ತು ಫಿಸಿಯೋಥೆರಪಿಗೆ ಹೋಗಿದ್ದೆ. ಡಾಕ್ಟರಮ್ಮ ಗಿಟಾರ್ ನುಡಿಸಲು ಹೇಳಿ, ನಾಲ್ಕು ಸಲ ಮೀಟುವಷ್ಟರಲ್ಲೇ ತಡೆದರು.

"ಭುಜ ಎತ್ಕೊಂಡು ಬಲಗಡೆಗೇ ಯಾಕಮ್ಮ ತಿರುಚ್ಕೊಂಡು ಕೂರ್ತೀಯ? ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ," ಎಂದೆ.

ನಾವು ಜೊತೆಯಲ್ಲಿ ನುಡಿಸುವಾಗ ಅಲ್ಲಿ ನೀನು ಕೂರುತ್ತಿದ್ದೆ. ನನ್ನ ಕೈಗೆ ಹತ್ತದ್ದೆಲ್ಲ ನಿನ್ನ ಬೆರಳಿಗೆ ನೀರು ಕುಡಿದಷ್ಟು ಸಲೀಸು. ಹೊಟ್ಟೆ ಉರಿದುಕೊಂಡು ಅದನ್ನೇ ನೋಡುತ್ತಿದ್ದೆ. ನೀನು ಜೋಡಿ ಬದಲಿಸಿದ ಮೇಲೂ ಈ ಹಾಳು ಮೈ ಅತ್ತಲೇ ತಿರುಗುತ್ತದೆ.

"ನೇರವಾಗಿ ಕೂತ್ರೆ ವಾಸಿಯಾಗುತ್ತೆ," ಎಂದರು ಡಾಕ್ಟರಮ್ಮ.

ಈಗ ನಿನ್ನ ಪಕ್ಕ ಕೂರುವ ಆ ಗುಂಗುರು ಕೂದಲಿನವಳಿಗೆ ತೋಳು ನೋಯುತ್ತದೆಯೇ? ಇಲ್ಲವಾದರೆ ತಿಳಿದುಕೋ, ಅವಳು ನಿನ್ನನ್ನು ನೋಡುತ್ತಲೇ ಇಲ್ಲ.